ಮೊದಲು ಕೆಳಗಿನ ನಲ್ಲಿ ಮುಚ್ಚಬೇಕು

ಮೊನ್ನೆ ಮಧ್ಯಾಹ್ನ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಕೂತು ಏಳನೇ ತರಗತಿಯ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಒಂದು ಕಿಟಕಿಯಿಂದ ಬಿಸಿಯೂಟದ ಸಾಂಬಾರಿನ ವಾಸನೆ, ಇನ್ನೊಂದು ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಪಾಂಡವಪುರದ ಸುತ್ತಮುತ್ತ ಕೆಲಸ ಮಾಡುವವರಿಗೆ ಈ ಎರಡನೆಯದು ಹೊಸದೇನಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ನಾವು ಕಿಟಕಿಯಾಚೆ ನೋಡುವುದೇ ಇಲ್ಲ. ಹೊಟ್ಟೆ ಹಸಿದಿತ್ತು, ಕಟ್ಟು ಇನ್ನೂ ಅರ್ಧ ಉಳಿದಿತ್ತು, ನನ್ನ ಕೆಂಪು ಪೆನ್ನು ತಾನೇ ತಾನಾಗಿ ಓಡುತ್ತಿತ್ತು. ಹಸಿದ ಮೇಷ್ಟರಮ್ಮನ ಕೈಗೆ ಉತ್ತರಪತ್ರಿಕೆ ಸಿಕ್ಕಬಾರದು ಎಂದು ಮಕ್ಕಳಿಗೆ ಯಾರಾದರೂ ಹೇಳಿಕೊಡಬೇಕು.

ಆಗ ಸಿಂಚನಳ ಹಾಳೆ ಬಂತು.

ಪ್ರಶ್ನೆ ನಿಮಗೂ ಗೊತ್ತಿರುತ್ತದೆ. ಗೊತ್ತಿಲ್ಲವೆಂದರೆ ಏಳನೇ ತರಗತಿಯಲ್ಲಿ ಆ ದಿನ ನೀವು ಚಕ್ಕರ್ ಹೊಡೆದಿದ್ದೀರಿ. ಒಂದು ತೊಟ್ಟಿಯನ್ನು ಮೇಲಿನ ನಲ್ಲಿ ನಾಲ್ಕು ಗಂಟೆಯಲ್ಲಿ ತುಂಬಿಸುತ್ತದೆ. ತುಂಬಿದ ಅದೇ ತೊಟ್ಟಿಯನ್ನು ಕೆಳಗಿನ ನಲ್ಲಿ ಆರು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡನ್ನೂ ಒಟ್ಟಿಗೇ ತೆರೆದರೆ ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು? ಹನ್ನೆರಡು. ಕೆಲವರು ಹತ್ತು ಎಂದು ಬರೆದಿದ್ದರು, ಕೂಡಿದವರು. ಕೆಲವರು ಎರಡು ಎಂದು ಬರೆದಿದ್ದರು, ಕಳೆದವರು. ಸಿಂಚನ ಮಾತ್ರ ಕೂಡಿರಲಿಲ್ಲ, ಕಳೆದಿರಲಿಲ್ಲ. ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದಳು: ‘ಮೊದಲು ಕೆಳಗಿನ ನಲ್ಲಿ ಮುಚ್ಚಬೇಕು.’ ಕೊನೆಗೊಂದು ಗಟ್ಟಿ ಚುಕ್ಕಿ.

ಪೆನ್ನು ಸೊನ್ನೆ ಸುತ್ತಲು ಹೊರಟೇಬಿಟ್ಟಿತ್ತು. ಕೆಳಗಿನ ಅರ್ಧ ಸುತ್ತು ಬರೆದಾಗಿತ್ತು. ಅಲ್ಲಿಗೆ ಕೈ ನಿಂತಿತು. ಎದೆ ಹೊಡೆದುಕೊಳ್ಳತೊಡಗಿತು ಎಂದರೆ ನೀವು ನಗುತ್ತೀರಿ, ಒಂದು ತಪ್ಪು ಉತ್ತರಕ್ಕೆ ಇಷ್ಟೊಂದೇ ಎಂದು. ಆದರೆ ನಾನೇನು ಮಾಡಲಿ, ಆ ಸಾಲನ್ನು ಮೊದಲು ಹೇಳಿದವಳು ನಾನು. ಬರೆದಿರಲಿಲ್ಲ, ಎದ್ದು ನಿಂತು ಬಾಯಲ್ಲಿ ಹೇಳಿದ್ದೆ. ಇದೇ ಲೆಕ್ಕ, ಇದೇ ಏಳನೇ ತರಗತಿ, ಸುಮಾರು ಮೂವತ್ತು ವರ್ಷದ ಹಿಂದೆ.

ನಾನು ಒಬ್ಬಳೇ ನಗುತ್ತಿರುವುದನ್ನು ಕಂಡು ಪಕ್ಕದ ಮೇಜಿನ ಗಿರಿಜಾ ಮೇಡಂ ಬಗ್ಗಿ ಹಾಳೆ ನೋಡಿದರು. ನಾಗಮಂಗಲದ ಕಡೆಯವರು, ವಿಜ್ಞಾನ ಪಾಠ ಮಾಡುತ್ತಾರೆ, ಯಾವುದಕ್ಕೂ ಸುಲಭಕ್ಕೆ ಬೆರಗಾಗುವವರಲ್ಲ. ಸೊನ್ನೆ ಪೂರ್ತಿ ಮಾಡಿ ಊಟಕ್ಕೆ ಏಳಿ ಅಂದರು. ಹೋದ ತಿಂಗಳು ಇದೇ ಗಿರಿಜಾ ಮೇಡಂ ಜೊತೆ ಶ್ರೀರಂಗಪಟ್ಟಣದಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ನಮಗೆಲ್ಲ ಒಂದೊಂದು ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು ಕೊಟ್ಟು ‘ಶಾಲೆಯ ಉದ್ದೇಶಗಳು ಮತ್ತು ಸಮಾಜದಲ್ಲಿ ಅದರ ಪಾತ್ರ’ ಬರೆಯಿರಿ ಎಂದಿದ್ದರು. ಎಲ್ಲರೂ ಬರೆದದ್ದು ಒಂದೇ: ಮಗುವಿನ ಸರ್ವತೋಮುಖ ಬೆಳವಣಿಗೆ. ಗಿರಿಜಾ ಮೇಡಂ ಹಸಿರು ಬಣ್ಣದಲ್ಲಿ, ನಾನು ನೇರಳೆ ಬಣ್ಣದಲ್ಲಿ. ಸುತ್ತ ಹೂಬಳ್ಳಿ ಬಿಡಿಸಿದ್ದಕ್ಕೆ ನನ್ನ ಹಾಳೆಯನ್ನು ಗೋಡೆಗೂ ಅಂಟಿಸಿದರು. ಶಾಲೆ ಯಾಕಿದೆ ಎನ್ನುವುದನ್ನು ಕಣ್ಣಾರೆ ಕಂಡವಳು ನಾನು, ಹೂಬಳ್ಳಿ ಬಿಡಿಸಿ ಬಂದಿದ್ದೆ. ಅದಕ್ಕೇ ಸಿಂಚನಳ ಹಾಳೆ ಕೈಗೆ ಬಂದಾಗ ನಾಚಿಕೆಯೂ ಖುಷಿಯೂ ಒಟ್ಟಿಗೇ ಆದವು. ಗಿರಿಜಾ ಮೇಡಂಗೆ ಎಲ್ಲ ಹೇಳಲು ಹೊತ್ತಿರಲಿಲ್ಲ, ಗಂಟೆ ಹೊಡೆದುಬಿಟ್ಟಿತು. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮೂರು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಸಂತೆಬಾಚಹಳ್ಳಿಯಿಂದ ಮೂರು ಮೈಲಿ ಒಳಗೆ. ನಾಲೆಯ ನೀರು ಕಾಣದ ಊರು. ನಮಗಿದ್ದದ್ದು ಒಂದು ಕೆರೆ, ಅದಕ್ಕೊಂದು ತೂಬು, ಆ ತೂಬಿಗೊಬ್ಬ ನೀರುಗಂಟಿ. ಆ ನೀರುಗಂಟಿ ನಮ್ಮಪ್ಪ. ತೂಬನ್ನು ಯಾವತ್ತು ಎತ್ತಬೇಕು, ಎಷ್ಟೊತ್ತಿಗೆ ಇಳಿಸಬೇಕು, ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಕೊನೆಗೆ, ಎಲ್ಲ ಅವನ ಕೈಯಲ್ಲಿ. ಒಂದು ಸಲ ತೂಬೆತ್ತಿ ಎಲ್ಲ ಗದ್ದೆಗಳಿಗೂ ನೀರು ಕೊಟ್ಟು ಇಳಿಸಿದರೆ ಅದು ಒಂದು ಸರದಿ. ಅಣ್ಣತಮ್ಮಂದಿರು ಬದುವಿಗಾಗಿ ಗುದ್ದಲಿ ಎತ್ತಿಕೊಂಡು ಬಡಿದಾಡುತ್ತಿದ್ದ ಕಾಲದಲ್ಲೂ ಅಪ್ಪ ಬಿಟ್ಟ ನೀರಿನ ಬಗ್ಗೆ ಯಾರೂ ತಕರಾರು ಎತ್ತಿದ್ದು ನನಗೆ ನೆನಪಿಲ್ಲ. ನೀರಿನ ವಿಷಯಕ್ಕೆ ಅವನ ಮಾತೇ ಕೊನೆಯ ಮಾತು. ಉಳಿದ ವಿಷಯಕ್ಕೆ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಗೌಡರ ಜಗುಲಿಯ ಕೆಳಗೆ ನಿಂತೇ ಮಾತಾಡುವವರು ನಮ್ಮ ಕೇರಿಯವರು. ಅವನೂ ಹಾಗೇ ನಿಂತು ಮಾತಾಡುತ್ತಿದ್ದ.

ನನ್ನ ಸೋದರತ್ತೆಯನ್ನು ಬೆಳಗೊಳಕ್ಕೆ ಕೊಟ್ಟಿತ್ತು. ಕನ್ನಂಬಾಡಿ ಕಟ್ಟೆಯ ಮಗ್ಗುಲಿನ ಊರು. ಅತ್ತೆ ನಮ್ಮೂರಿಗೆ ಬಂದಾಗಲೆಲ್ಲ ಕೆರೆ ನೋಡಿ ಇದೇನು ಕುಂಟೆ ಎಂದು ಕೇಳಿ ಅಪ್ಪನ ಮೋರೆ ಕೆಂಪಗೆ ಮಾಡಿ ಹೋಗುತ್ತಿದ್ದಳು. ಕಣ್ಣು ಹಾಯುವವರೆಗೂ ನೀರು ಕಂಡವರಿಗೆ ನೀರನ್ನು ಎಣಿಸುವ ಕಷ್ಟ ಗೊತ್ತಿರುವುದಿಲ್ಲ. ನಮ್ಮೂರಲ್ಲಿ ನೀರು ಅಂದರೇ ಎಣಿಕೆ. ಸಂಕ್ರಾಂತಿ ಕಳೆಯುತ್ತಲೇ ಎಲ್ಲರದೂ ಒಂದೇ ಪ್ರಶ್ನೆ: ಕೆರೆಯಲ್ಲಿ ಎಷ್ಟು ಸರದಿ ನೀರಿದೆ? ಬೇಸಿಗೆಗೆ ಭತ್ತ ನೆಡಬಹುದೋ, ರಾಗಿಗೆ ಸುಮ್ಮನಾಗಬೇಕೋ? ಭತ್ತಕ್ಕೆ ಇಪ್ಪತ್ತೆಂಟು ಸರದಿ ಬೇಕು. ರಾಗಿಗೆ ಹದಿನಾರು ಇದ್ದರೆ ಧಾರಾಳ. ಅಪ್ಪ ತೂಬಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡಿ ಒಂದು ಸಂಖ್ಯೆ ಹೇಳುತ್ತಿದ್ದ. ಊರು ಅದರಂತೆ ನಡೆಯುತ್ತಿತ್ತು.

ಇನ್ನು ಶಾಲೆ. ಹಾಲಿನ ಡೈರಿಯ ಎದುರಿಗೆ ಎರಡು ಕೋಣೆ, ಒಂದು ಜಗುಲಿ. ಪಾಠ ನಡೆಯುವುದು ಅದರ ಹತ್ತು ಕೆಲಸಗಳಲ್ಲಿ ಒಂದು. ವೋಟು ಹಾಕುವುದು ಅಲ್ಲಿ, ಪೋಲಿಯೊ ಹನಿ ಹಾಕುವುದು ಅಲ್ಲಿ, ಗಂಡಿನ ಕಡೆಯವರನ್ನು ಇಳಿಸುವುದು ಅಲ್ಲಿ, ಅಂಗಳದಲ್ಲಿ ರಾಗಿ ಒಣಗಿಸುವುದೂ ಅಲ್ಲೇ. ನಾವು ಪ್ರಾರ್ಥನೆಗೆ ನಿಂತರೆ ಪಕ್ಕದಲ್ಲಿ ಯಾರದೋ ಅಜ್ಜಿ ಕೋಳಿ ಓಡಿಸುತ್ತಾ ಕೂತಿರುತ್ತಿದ್ದಳು, ಜನಗಣಮನ ಶುರುವಾದರೆ ಕೋಲು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು. ಜಗುಲಿಯ ಗೋಡೆಗೆ ಒಂದು ಕಪ್ಪು ಹಲಗೆ ಬಳಿದಿದ್ದರು. ಅದರಲ್ಲಿ ದಿನಾ ತಾರೀಖು, ಹಾಜರಿ, ಒಂದು ಒಳ್ಳೆಯ ಮಾತು ಬರೆಯುವ ಪದ್ಧತಿ. ಅಕ್ಷರ ದುಂಡಗಿದೆ ಎಂದು ಆ ಕೆಲಸವನ್ನು ನನಗೆ ವಹಿಸಿದ್ದರು. ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಸಾಲಲ್ಲಿ ನಿಂತವರು ಅದನ್ನು ಓದುತ್ತಿದ್ದರು, ಓದು ಬಾರದವರು ಓದಿಸಿಕೊಳ್ಳುತ್ತಿದ್ದರು. ನಾನು ಬರೆದದ್ದನ್ನು ಊರೇ ಓದುತ್ತದೆ ಎಂದು ನನಗೆ ಬಹಳ ಜಂಬ. ಈಗ ನೆನೆಸಿಕೊಂಡರೆ ಆ ಜಂಬಕ್ಕೆ ಒಂದು ಏಟು ಬೀಳಬೇಕಾಗಿತ್ತು ಅನ್ನಿಸುತ್ತದೆ. ಬಿತ್ತು ಕೂಡ.

ಹೆಡ್ ಮೇಷ್ಟ್ರು ನಾಗಮಂಗಲದವರು. ತೆಳ್ಳಗೆ ಉದ್ದಕ್ಕಿದ್ದರು, ಸೈಕಲ್ಲಿನಲ್ಲಿ ಬರುತ್ತಿದ್ದರು, ಸೀಮೆಸುಣ್ಣವನ್ನು ಬಿಸ್ಕತ್ತಿನ ಚೌಕನೆಯ ತಗಡಿನ ಡಬ್ಬದಲ್ಲಿ ಇಟ್ಟುಕೊಂಡಿರುತ್ತಿದ್ದರು. ಅವರು ಆ ತೊಟ್ಟಿಯ ಲೆಕ್ಕವನ್ನು ಓದಿ ಮುಗಿಸಿ ನನ್ನನ್ನು ಎಬ್ಬಿಸಿದರು. ನಾನು ಸ್ವಲ್ಪವೂ ಯೋಚಿಸದೆ, “ಕೆಳಗ್ಲುದ್ನ ಮುಚ್ಬೇಕು ಸಾ” ಅಂದೆ.

“ಲೆಕ್ಕದಲ್ಲಿ ತೆಗ್ದವ್ರಲ್ಲವ್ವ.”

“ಯಾರ್ ಸಾ ತೆಗ್ದೋರು? ನಮ್ಮಪ್ಪ ನೋಡುದ್ರೆ ಬಯ್ತದೆ.”

ತರಗತಿ ನಗಲಿಲ್ಲ. ಯಾಕೆಂದರೆ ಅಲ್ಲಿದ್ದವರೆಲ್ಲ ಕೆರೆಯ ಮಕ್ಕಳು, ನಾನು ಹೇಳಿದ್ದರಲ್ಲಿ ನಗುವಂಥದ್ದೇನೂ ಅವರಿಗೆ ಕಾಣಲಿಲ್ಲ. ನಕ್ಕವರು ಮೇಷ್ಟ್ರು. ನಗುತ್ತಾ ನಗುತ್ತಾ ಸೀಮೆಸುಣ್ಣವನ್ನು ಡಬ್ಬಕ್ಕೆ ಹಾಕಿ, ಪುಸ್ತಕದ ತೊಟ್ಟಿ ಅಲ್ಲಿರಲಿ, ನಿಮ್ಮ ತೊಟ್ಟಿ ತೋರಿಸಿ ನಡೆಯಿರಿ ಎಂದರು. ನಾವು ಇಪ್ಪತ್ತು ಮಕ್ಕಳು ಅವರ ಹಿಂದೆ ಕೆರೆ ಏರಿಗೆ ಓಡಿದೆವು. ಗಣಿತದ ಪಾಠಕ್ಕೆ ಓಡಿಹೋದ ಮಕ್ಕಳನ್ನು ನಾನು ಅದಾದ ಮೇಲೆ ನೋಡಿಲ್ಲ. ನಾನೇ ಗಣಿತ ಕಲಿಸುತ್ತಿದ್ದರೂ ನೋಡಿಲ್ಲ.

ಅವತ್ತು ಅಪ್ಪ ತೂಬೆತ್ತುವ ದಿನ. ಉದ್ದನೆಯ ಬಿದಿರು ಗಳುವನ್ನು ತೂಬಿನ ಬಾಯಿಯ ತನಕ ಇಳಿಸಿ ತೆಗೆದ. ನೆನೆದ ಭಾಗವನ್ನು ಮೇಷ್ಟ್ರು ಗೇಣು ಹಾಕಿದರು, ಸರಿಯಾಗಿ ಹತ್ತು ಗೇಣು. ತೂಬಿನ ಕಲ್ಲುಕಂಬದ ಮೇಲೆ ನೀರಿನ ಮಟ್ಟಕ್ಕೆ ಇದ್ದಿಲಲ್ಲಿ ಗೆರೆ ಎಳೆದೆವು. ಸರದಿ ಮುಗಿದು ತೂಬು ಇಳಿಸಿದ ಮೇಲೆ ಹೋಗಿ ನೋಡಿದರೆ ನೀರು ನಾಲ್ಕು ಬೆರಳು ಇಳಿದಿತ್ತು. ಗೇಣಿಗೆ ಹನ್ನೆರಡು ಬೆರಳು, ಅಂದರೆ ಗೇಣಿಗೆ ಮೂರು ಸರದಿ, ಹತ್ತು ಗೇಣಿಗೆ ಮೂವತ್ತು. ಮೂವತ್ತು! ನಮ್ಮ ಕೂಗಿಗೆ ನೀರಿನ ಹಕ್ಕಿಗಳು ಎದ್ದು ಹಾರಿದವು. ಭತ್ತಕ್ಕೆ ಬೇಕಾದ್ದು ಇಪ್ಪತ್ತೆಂಟು, ಎರಡು ಸರದಿ ಮಿಗುತ್ತದೆ. ಮೇಷ್ಟ್ರು ಅಪ್ಪನನ್ನು ಕೇಳಿದರು, ನಿಮ್ಮ ಲೆಕ್ಕಕ್ಕೆ ಎಷ್ಟಪ್ಪ ಎಂದು. ಅಪ್ಪ ಹದಿನೆಂಟು ಎಂದ. ಅದು ಹೇಗೆ ಎಂದು ಕೇಳಿದ್ದಕ್ಕೆ ತಲೆ ಕೆರೆದುಕೊಂಡು, ಅಷ್ಟೇ ಬರುವುದು ಎಂದ. ನಮಗೆ ಹೇಗೆ ಎಂದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಕನಿಕರ ಅಂದೆನಲ್ಲ, ಅದು ಆ ವಯಸ್ಸಿನ ಸೊಕ್ಕಿಗೆ ನಾನು ಈಗ ಕೊಡುತ್ತಿರುವ ಒಳ್ಳೆಯ ಹೆಸರು.

ಮಾರನೆಯ ಬೆಳಿಗ್ಗೆ ಜಗುಲಿಯ ಹಲಗೆಯ ಮೇಲೆ, ಒಳ್ಳೆಯ ಮಾತು ಬರೆಯುವ ಜಾಗದಲ್ಲಿ, ನಾನೇ ದಪ್ಪಕ್ಕೆ ಬರೆದೆ: ‘ನಮ್ಮ ಕೆರೆಯಲ್ಲಿ ಮೂವತ್ತು ಸರದಿ ನೀರಿದೆ.’ ಮೇಷ್ಟ್ರು ಬೆನ್ನು ತಟ್ಟಿದರು.

ಬರೆದದ್ದಕ್ಕೆ ಎಷ್ಟು ಬಲ ಇದೆ ಎಂದು ನನಗೆ ಗೊತ್ತಾದದ್ದು ಆಗ. ಎಂಟು ಗಂಟೆಗೆ ಬರೆದೆ, ಒಂಬತ್ತಕ್ಕೆ ಊರೆಲ್ಲ ಭತ್ತದ ಮಾತು. ಯಾರ ಮನೆಯಲ್ಲಿ ಯಾವ ಬೀಜ ಇದೆ, ಸಸಿಯ ಒಟ್ಲು ಎಲ್ಲಿ ಹಾಕುವುದು, ಬೀಜ ಯಾವತ್ತು ನೆನೆಸುವುದು. ಅಪ್ಪ ಡೈರಿಯ ಮುಂದೆ ನಿಂತು, ಇಲ್ಲ, ಭತ್ತಕ್ಕೆ ಸಾಲದು, ತೆನೆ ಕಟ್ಟುವ ಹೊತ್ತಿಗೆ ಗದ್ದೆ ಬಿರುಕು ಬಿಡುತ್ತದೆ ಎಂದು ಒಬ್ಬೊಬ್ಬರಿಗೂ ಹೇಳಿದ. ಎಲ್ಲರಿಗಿಂತ ಹೆಚ್ಚು ಗದ್ದೆ ಇದ್ದ ನಿಂಗೇಗೌಡರು ಹಲಗೆ ತೋರಿಸಿ, “ಲೋ ಮಾದ, ಇಸ್ಕೂಲ್ನೋರು ಅಳ್ದು ಬರ್ದವ್ರೆ ಕಣ್ಲಾ. ನೀನು ತೂಬೆತ್ತು ಸಾಕು, ಲೆಕ್ಕ ಅವ್ರು ಹಾಕ್ತರೆ” ಎಂದರು. ಗೌಡರು ಕೆಟ್ಟವರಲ್ಲ. ಅಷ್ಟು ವರ್ಷ ಅಪ್ಪನ ಮಾತಿನಂತೆಯೇ ನಡೆದವರು. ಆದರೆ ಗೋಡೆಯ ಮೇಲೆ ಅಕ್ಷರ ಕಂಡ ಮೇಲೆ ಮನುಷ್ಯನ ಮಾತು ಕಿವಿಗೆ ಹೋಗುವುದು ಕಷ್ಟ.

ಆ ಸಂಜೆ ಅಪ್ಪ ಮುದ್ದೆ ಮುರಿಯುತ್ತಾ ಕೂತವನು ನನ್ನ ಕಡೆ ನೋಡದೆ ಹೇಳಿದ, “ಈ ವರ್ಸ ಮುಗ್ಸು, ಸಾಕು. ಇಲ್ದಿರೋ ನೀರ್ನ ಐತೆ ಅಂತ ಬರ್ಯಕ್ಕೆ ಕಲ್ಸೋ ಇಸ್ಕೂಲು ನಿಂಗ್ ಬ್ಯಾಡ ಕಣವ್ವ.” ಏಳನೇ ತರಗತಿ ಆದ ಮೇಲೆ ನನ್ನನ್ನು ಸಂತೆಬಾಚಹಳ್ಳಿಯ ಹೈಸ್ಕೂಲಿಗೆ ಕಳಿಸುವ ಮಾತು ಅದುವರೆಗೂ ಮನೆಯಲ್ಲಿ ಇತ್ತು. ಅವ್ವ ನೀಲಿ ಲಂಗಕ್ಕೆ ಬಟ್ಟೆಯನ್ನೂ ನೋಡಿ ಬಂದಿದ್ದಳು. ಅಷ್ಟೂ ಆ ಒಂದು ತುತ್ತಿನಲ್ಲಿ ಮುಗಿಯಿತು. ಅಪ್ಪ ಕೂಗಾಡುವವನಾಗಿದ್ದರೆ ಮಾರನೆಯ ದಿನ ಸರಿಹೋಗುತ್ತದೆ ಎಂದು ಕಾಯಬಹುದಿತ್ತು. ಅವನು ಕೂಗಾಡಲಿಲ್ಲ, ಅದೇ ನನಗೆ ಭಯ.

ಮಾರನೆಯ ದಿನ ತರಗತಿಯಲ್ಲಿ ಮೇಷ್ಟ್ರು ಹೊಸ ಲೆಕ್ಕ ಕೊಟ್ಟರು, ನಾನು ಸ್ಲೇಟು ಮುಟ್ಟಲಿಲ್ಲ. ಯಾಕೆ ಎಂದು ಕೇಳಿದರು. ತಡೆಯಲಾರದೆ ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಹೇಳಿಬಿಟ್ಟೆ, ಹೈಸ್ಕೂಲಿನದೂ ಸೇರಿಸಿ. ಮೇಷ್ಟ್ರು ಒಂದು ನಿಮಿಷ ಡಬ್ಬದ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಾ ನಿಂತರು. ಆಮೇಲೆ, ನಾಳೆ ಶನಿವಾರ, ಬೆಳಗಿನ ಶಾಲೆ, ಅಪ್ಪನನ್ನು ಕರೆದುಕೊಂಡು ಬಾ ಎಂದರು.

ಅಪ್ಪನನ್ನು ಕರೆದುಕೊಂಡು ಬಾ. ಈ ಮಾತನ್ನು ನೀವೂ ಕೇಳಿದ್ದೀರಿ. ಇದನ್ನು ಕೇಳಿ ತನ್ನ ತಪ್ಪುಗಳನ್ನೆಲ್ಲ ಎಣಿಸಿಕೊಳ್ಳದ ಮಗು ಯಾವ ಶಾಲೆಯಲ್ಲೂ ಇಲ್ಲ. ಕಿಟಕಿಯ ಗಾಜು ಒಡೆದವರ ಅಪ್ಪ ಬರುತ್ತಾರೆ, ಕದ್ದವರ ಅಪ್ಪ ಬರುತ್ತಾರೆ, ಬಂದು ಕೈಕಟ್ಟಿ ಬೈಸಿಕೊಂಡು ಮನೆಗೆ ಹೋಗಿ ಬಾರಿಸುತ್ತಾರೆ. ಅಪ್ಪನೂ ಹಾಗೇ ತಿಳಿದ. ಮೇಷ್ಟ್ರ ಲೆಕ್ಕಕ್ಕೆ ಎದುರು ಮಾತಾಡಿದ್ದಕ್ಕೆ ತನ್ನನ್ನು ಕರೆಸಿದ್ದಾರೆ ಎಂದುಕೊಂಡ. ಆದರೂ ಬಂದ. ಒಗೆದ ಅಂಗಿ ಹಾಕಿ, ಟವಲನ್ನು ಮಡಿಸಿ ಹೆಗಲಿಗಿಟ್ಟು, ಮೆಟ್ಟನ್ನು ಗೇಟಿನ ಆಚೆಯೇ ಬಿಟ್ಟು ಬಂದ. ಆ ಶಾಲೆಯ ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದವನು, ಒಳಗೆ ಪಾಠ ನಡೆಯುವಾಗ ಹೊಸಿಲು ದಾಟಿದ್ದು ಅದೇ ಮೊದಲು.

ಮೇಷ್ಟ್ರು ತಮ್ಮ ಕುರ್ಚಿ ಎಳೆದು ಕೂರಲು ಹೇಳಿದರು. ಅಪ್ಪ ಕೂರಲಿಲ್ಲ. ಮೇಷ್ಟ್ರೂ ಕೂರಲಿಲ್ಲ. “ಚಿಕ್ಕಮಾದಯ್ಯ, ಬಯ್ಯಕ್ಕೆ ಕರೆದಿದ್ದಲ್ಲ. ಹದಿನೆಂಟು ಹ್ಯಾಗೆ ಅನ್ನೋದು ನಮಗೆ ಗೊತ್ತಾಗ್ಲಿಲ್ಲ. ನೀವು ಹೇಳಿಕೊಡ್ಬೇಕು” ಎಂದರು. ಅಪ್ಪನನ್ನು ಅಯ್ಯ ಹಚ್ಚಿ ಯಾರಾದರೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು.

ಆಮೇಲೆ ಮೆಲ್ಲಗೆ ಹೇಳಿದ, “ಸಾಮಿ, ಮಕ್ಳು ಅಳ್ದಿದ್ದೆಲ್ಲ ಸರಿಯಾಗೇ ಅದೆ. ಕೆರೆ ಅಂಗಿಲ್ಲ, ಅಷ್ಟೆಯ.”

ಅದಕ್ಕಿಂತ ಹೆಚ್ಚಿಗೆ ಬಾಯಲ್ಲಿ ಬರಲಿಲ್ಲ. ಸುತ್ತ ನೋಡಿದ. ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬ, ಮೂಲೆಯಲ್ಲಿ ಕುಡಿಯುವ ನೀರಿನ ಹಂಡೆ, ಅದರ ಬಾಯಿಗೆ ಕವುಚಿದ ಅಗಲವಾದ ಬೋಗುಣಿ, ಮೇಲೊಂದು ಲೋಟ. ಅಪ್ಪ ಡಬ್ಬ ಖಾಲಿ ಮಾಡಿಸಿ ಅದಕ್ಕೂ ಬೋಗುಣಿಗೂ ಎಂಟೆಂಟು ಬೆರಳು ನೀರು ತುಂಬಿಸಿದ. ಡಬ್ಬದಿಂದ ಮೂರು ಲೋಟ ತೆಗೆದ, ಎರಡು ಬೆರಳು ಇಳಿಯಿತು. ಎಷ್ಟು ಲೋಟಕ್ಕೆ ಮುಗಿಯುತ್ತದೆ ಎಂದು ಮೇಷ್ಟ್ರು ನಮ್ಮನ್ನು ಕೇಳಿದರು. ಹನ್ನೆರಡು ಎಂದೆವು. ಅಪ್ಪ ತೆಗೆಯುತ್ತಾ ಹೋದ, ಸರಿಯಾಗಿ ಹನ್ನೆರಡಕ್ಕೆ ಮುಗಿಯಿತು. ಈಗ ಬೋಗುಣಿ. ಎರಡು ಲೋಟ ತೆಗೆದ ಮೇಲೆ ಒಂದು ಬೆರಳು ಇಳಿಯಿತು. ಹಾಗಾದರೆ ಹದಿನಾರು ಎಂದು ಕೂಗಿದೆವು.

ಮೂರು, ನಾಲ್ಕು, ಐದು. ಬೆಂಚುಗಳ ಮೇಲೆ ಯಾರೂ ಉಳಿಯಲಿಲ್ಲ, ಎಲ್ಲರೂ ಬೋಗುಣಿಯ ಸುತ್ತ. ನೀರು ಕೆಳಗಿಳಿದ ಹಾಗೆ ಬೋಗುಣಿ ಕಿರಿದಾಗುತ್ತಾ ಬಂತು, ಅದೇ ಒಂದು ಲೋಟ ತೆಗೆದರೆ ಈಗ ನೀರು ಸರ್ರನೆ ಕುಸಿಯುತ್ತಿತ್ತು. ಏಳು, ಎಂಟು, ಒಂಬತ್ತು. ಹತ್ತಕ್ಕೆ ತಳ ಕಂಡಿತು. ಪುಸ್ತಕದ ತೊಟ್ಟಿ ಡಬ್ಬದ ಹಾಗೆ ನೆಟ್ಟಗೆ ನಿಂತಿರುತ್ತದೆ, ನಮ್ಮ ಕೆರೆ ಬೋಗುಣಿ. ಮೇಲೆ ಅಗಲ, ಕೆಳಗೆ ಸಣ್ಣ. ಮೊದಲ ಸರದಿಗೆ ನಾಲ್ಕು ಬೆರಳು ಇಳಿದ ನೀರು ಕೊನೆಕೊನೆಗೆ ಎಂಟು, ಹತ್ತು ಬೆರಳು ಇಳಿಯುತ್ತದೆ. ಇಷ್ಟು ದಿನ ಅದರ ದಡದಲ್ಲೇ ಬೆಳೆದ ನಾವು ಪುಸ್ತಕ ಓದಿ ಅದನ್ನು ಡಬ್ಬ ಮಾಡಿದ್ದೆವು.

ಮೇಷ್ಟ್ರು ದಡಬಡನೆ ಹಲಗೆಯ ಹತ್ತಿರ ಹೋದರು. ಹದಿನಾರು ಅಂದುಕೊಂಡದ್ದು ಹತ್ತಾದರೆ ಮೂವತ್ತು ಅಂದುಕೊಂಡದ್ದು ಎಷ್ಟಾಗುತ್ತದೆ, ಬೇಗ ಬೇಗ ಎಂದರು. ಮೊದಲು ಮಾಡಿದವಳು ನಾನು. ಹದಿನೆಂಟೂ ಮುಕ್ಕಾಲು. ಜೋರಾಗಿ ಓದಿದೆ. ಅಪ್ಪ ಬೋಗುಣಿಯನ್ನು ಕವುಚಿ ಹಂಡೆಯ ಮೇಲಿಡುತ್ತಾ, “ಆ ಮುಕ್ಕಾಲ್ನ ಎಮ್ಮೆ ಕುಡಿತವೆ” ಎಂದ. ಆಗ ತರಗತಿ ನಕ್ಕಿದ್ದು ನೋಡಬೇಕಿತ್ತು ನೀವು, ಮೇಷ್ಟ್ರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಒಳ್ಳೆಯ ಪಾಠ, ಅಷ್ಟೇ ಆಗಿರುತ್ತಿತ್ತು. ಮೇಷ್ಟ್ರು ಬಟ್ಟೆಯ ಒರೆಸು ಎತ್ತಿಕೊಂಡು ಜಗುಲಿಗೆ ನಡೆದರು. ಡೈರಿಯ ಮುಂದೆ ಬೆಳಗಿನ ಹಾಲಿನ ಸಾಲು ಇನ್ನೂ ಕರಗಿರಲಿಲ್ಲ, ನಿಂಗೇಗೌಡರೂ ಇದ್ದರು. ಮೇಷ್ಟ್ರು ಎಲ್ಲರನ್ನೂ ಈಚೆ ಕರೆದು, ಈ ಲೆಕ್ಕ ತಪ್ಪು, ಮಕ್ಕಳದಲ್ಲ, ನನ್ನದು, ನಾನೇ ಸರಿ ಎಂದು ಬೆನ್ನು ತಟ್ಟಿ ಬರೆಸಿದ್ದು ಎಂದು ಹೇಳಿ ಎರಡು ದಿನದಿಂದ ಅಲ್ಲೇ ಉಳಿದಿದ್ದ ಮೂವತ್ತನ್ನು ಅಳಿಸಿದರು. ಅವರಿಗೆ ಅದು ಸುಲಭವಾಗಿರಲಿಲ್ಲ ಎಂದು ಮೇಷ್ಟರಮ್ಮನಾದ ಮೇಲೆ ನನಗೆ ತಿಳಿದಿದೆ. ಐವತ್ತು ಜನರೆದುರು ಹಾಗಿರಲಿ, ಐದು ಮಕ್ಕಳೆದುರು ತಪ್ಪು ಒಪ್ಪಿಕೊಳ್ಳುವ ದಿನ ನಾನು ಗಂಟಲು ಸರಿಮಾಡಿಕೊಳ್ಳುತ್ತಲೇ ಅರ್ಧ ಪೀರಿಯಡ್ಡು ಕಳೆಯುತ್ತೇನೆ. ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು ಬರೆಸಿದರು: ‘ನಮ್ಮ ಕೆರೆಯಲ್ಲಿ ಹದಿನೆಂಟು ಸರದಿ ನೀರಿದೆ. ಮೊದಲಿನ ಲೆಕ್ಕ ತಪ್ಪಾಗಿತ್ತು. ತಿದ್ದಿಕೊಟ್ಟವರು ನೀರುಗಂಟಿ ಚಿಕ್ಕಮಾದಯ್ಯನವರು.’

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಏನು ಬರೆದೆ ಎಂದು ಮೆಲ್ಲಗೆ ಕೇಳಿದ. ಓದಿದೆ. ಕೊನೆಯ ಸಾಲನ್ನು ಇನ್ನೊಂದು ಸಲ ಓದು ಎಂದ. ಇನ್ನೊಂದು ಸಲ ಓದಿದೆ. ನನ್ನ ಜೀವಮಾನದಲ್ಲಿ ನಾನು ಬರೆದ ಎಲ್ಲಕ್ಕಿಂತ ಒಳ್ಳೆಯ ಸಾಲು ಅದು, ಬರೆಸಿದವರು ಬೇರೆಯವರಾದರೂ. ನಿಂಗೇಗೌಡರು ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಹಾಗಾದರೆ ರಾಗಿಯೇ ಸರಿ, ಬೀಜ ನೆನೆಸಿರಲಿಲ್ಲವಲ್ಲ ಸದ್ಯ ಎಂದರು. ಆ ವರ್ಷ ಊರೆಲ್ಲ ರಾಗಿ ಹಾಕಿತು. ಕೊಯ್ಲಿನ ಹೊತ್ತಿಗೆ ಎಮ್ಮೆಗಳು ಬಿದ್ದು ಹೊರಳಲು ಒಂದಿಷ್ಟು ಕೆಸರುನೀರು ಕೆರೆಯಲ್ಲಿ ಉಳಿದಿತ್ತು. ಭತ್ತ ನೆಟ್ಟಿದ್ದರೆ ಏನಾಗುತ್ತಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಅಪ್ಪನೂ ನಾನೂ ಏರಿಯ ಮೇಲೆ ಮನೆಗೆ ಹೊರಟೆವು. ನಾನು ಹೆದರಿ ಹಿಂದೆ ಹಿಂದೆ ನಡೆಯುತ್ತಿದ್ದೆ. ತೂಬಿನ ಹತ್ತಿರ ಬಂದಾಗ ಅವನು ನಿಂತು, ಸಂತೆಬಾಚಹಳ್ಳಿ ಹೈಸ್ಕೂಲಿಗೆ ಎಷ್ಟು ಹೊತ್ತಿಗೆ ಹೊರಡಬೇಕಾಗುತ್ತದೆ ಎಂದು ಕೇಳಿದ. ಎಂಟೂವರೆಗೆ ಎಂದೆ. ಅವನು ನೀರನ್ನು ನೋಡುತ್ತಾ ಹೇಳಿದ, “ತಪ್ಪು ಬರ್ದ್ಬುಟ್ರೆ ಅಳ್ಸ್ತರಲ್ಲ, ಅಂತಾ ಜಾಗ ನಮ್ಮೂರಲ್ಲಿ ಇನ್ನೊಂದ್ ನಾ ಕಾಣೆ. ಓಗು ನೀನು.”

ಶಾಲೆ ಯಾಕಿದೆ ಎಂದು ಕೇಳಿದರೆ ನಾನು ಬರೆಯಬೇಕಾಗಿದ್ದದ್ದು ಇದು. ನೇರಳೆ ಬಣ್ಣವೂ ಬೇಡ, ಹೂಬಳ್ಳಿಯೂ ಬೇಡ. ಓದು ಬಾರದ ನಮ್ಮಪ್ಪ ಒಂದು ಬೆಳಗು ಶಾಲೆಗೆ ಬಂದು ಹೋಗಿ ತಿಳಿದುಕೊಂಡದ್ದನ್ನು, ಶಾಲೆಯೊಳಗೇ ಸಂಬಳ ತೆಗೆದುಕೊಳ್ಳುತ್ತಾ ನಾನು ಮರೆತಿದ್ದೆ. ಗೌಡರ ಜಗುಲಿಯಲ್ಲಿ ಹೇಳಿದ ಮಾತು ತಪ್ಪಾದರೂ ಗೌಡರದೇ ಮಾತು. ನ್ಯಾಯ ಪಂಚಾಯಿತಿಯಲ್ಲಿ ಆದ ತೀರ್ಮಾನ ತಪ್ಪಾದರೆ ಅದನ್ನು ಒಪ್ಪಿಕೊಳ್ಳುವವರಿಲ್ಲ. ಊರಲ್ಲಿ ಒಂದಾದರೂ ಗೋಡೆ ಬೇಕು, ಒರೆಸು ನೇತುಹಾಕಿದ್ದು. ಅದರ ಮುಂದೆ ಮೇಷ್ಟ್ರೂ ಗೌಡರೂ ನೀರುಗಂಟಿಯೂ ಅವನ ಮಗಳೂ ಒಂದೇ ಬೋಗುಣಿಯೊಳಗೆ ಬಗ್ಗಿ ನೋಡಬೇಕು. ಹೇಳುತ್ತಾ ಹೇಳುತ್ತಾ ಭಾಷಣಕ್ಕೆ ಇಳಿದೆ, ಕ್ಷಮಿಸಿ. ಇದು ನನ್ನ ವೃತ್ತಿಯ ರೋಗ.

ಮೊನ್ನೆಯ ಹಾಳೆಗೆ ಬರುತ್ತೇನೆ. ಅರ್ಧ ಸುತ್ತಿದ ಕೆಂಪು ಸೊನ್ನೆ ಹಾಗೇ ಇತ್ತು, ಬಾಯಿ ಮೇಲೆ ಮಾಡಿಕೊಂಡು, ಥೇಟ್ ಬೋಗುಣಿಯ ಹಾಗೆ. ಅದನ್ನು ಪೂರ್ತಿ ಮಾಡಲಿಲ್ಲ. ಮಧ್ಯಾಹ್ನದ ಮೇಲೆ ಸಿಂಚನಳನ್ನು ಕರೆದು, ನಿಮ್ಮ ಮನೆಯಲ್ಲಿ ನೀರಿನ ಕೆಲಸ ಮಾಡುವವರು ಯಾರು ಎಂದು ಕೇಳಿದೆ. ಬೆರಗಾಗಿ ನೋಡಿತು ಹುಡುಗಿ. ಅವರಮ್ಮ ಮಂಜುಳ, ಊರಿನ ಓವರ್‌ಹೆಡ್ ಟ್ಯಾಂಕಿಗೆ ಮೋಟಾರು ಹಾಕಿ ಬೀದಿ ಬೀದಿಗೆ ನೀರು ಬಿಡುವವರಂತೆ. ಎರಡು ವರ್ಷದಿಂದ ಮಗಳು ನನ್ನ ತರಗತಿಯಲ್ಲಿದ್ದಾಳೆ, ನನಗೆ ಇಷ್ಟು ಗೊತ್ತಿರಲಿಲ್ಲ. ನಾಳೆ ಅಮ್ಮನನ್ನು ಕರೆದುಕೊಂಡು ಬಾ ಎಂದೆ. ಅಂದ ತಕ್ಷಣ ಅವಳ ಮುಖ ಬಿಳಚಿಕೊಂಡಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಬೈಯುವುದಕ್ಕಲ್ಲ ಎಂದು ಮೂರು ಸಲ ಹೇಳಿದೆ, ನಂಬಲಿಲ್ಲ.

ಮಾರನೆಯ ದಿನ ಎರಡನೇ ಪೀರಿಯಡ್ಡಿಗೆ ಮಂಜುಳ ಬಂದರು. ಒಗೆದ ಸೀರೆ, ಸೊಂಟದಲ್ಲಿ ಪಂಪ್‌ಹೌಸಿನ ಬೀಗದ ಕೈ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದರು. ಬಾಗಿಲಲ್ಲೇ ನಿಂತು, ಮಗಳು ಏನೋ ತಪ್ಪು ಬರೆದಳಂತೆ, ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ ಎಂದು ತಾವೇ ತಪ್ಪು ಮಾಡಿದವರ ಹಾಗೆ ಶುರುಮಾಡಿದರು. ನಾನು ಲೆಕ್ಕವನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಹುಬ್ಬು ಗಂಟಾಯಿತು, ಸಂಕೋಚ ಎಲ್ಲೋ ಹೋಯಿತು.

“ಇದ್ಯಾರ್ ಮಿಸ್ಸು ಇಂಗ್ ಮಾಡ್ದೋರು? ಮೂರ್ ಅವರ್ ಕರೆಂಟು ಕೊಡ್ತರೆ. ಕೆಳಗ್ಲು ವಾಲು ಬುಟ್ಕೊಂಡು ಮೋಟ್ರು ಹಾಕುದ್ರೆ ಮೇಲ್ಗಡೆ ಬೀದಿಗೆ ತೊಟ್ಟು ನೀರ್ ಹತ್ತಲ್ಲ.”

ತರಗತಿಯ ತುಂಬ ಹೂಂ ಹೂಂ ಎದ್ದಿತು. ಮೇಲಿನ ಬೀದಿಯ ಮಕ್ಕಳು ಅಲ್ಲೇ ಇದ್ದರು. ಹಾಗಾದರೆ ಎಷ್ಟು ಹೊತ್ತಿಗೆ ಯಾವ ವಾಲ್ವು, ಯಾವ ಬೀದಿಗೆ ಎಷ್ಟು ನಿಮಿಷ, ಹೇಗೆ ಹಂಚುತ್ತೀರಿ, ನಮಗೆಲ್ಲ ಬರೆದು ತೋರಿಸಿ ಎಂದು ಸೀಮೆಸುಣ್ಣ ಅವರ ಕೈಗೆ ಕೊಟ್ಟೆ. ನಾನು ಕೊನೆಯ ಬೆಂಚಿಗೆ ಹೋಗಿ ಸಿಂಚನಳ ಪಕ್ಕದಲ್ಲಿ ಕೂತು ನೋಟ್‌ಬುಕ್ಕು ತೆಗೆದೆ. ಅವಳ ಕಾಲು ಬೆಂಚಿನ ಕೆಳಗೆ ತಾಳ ಹಾಕುತ್ತಿತ್ತು, ನನ್ನದೂ.

ಮಂಜುಳ ಹಲಗೆಯ ಮುಂದೆ ಹೋಗಿ ನಿಂತರು. ಸೀಮೆಸುಣ್ಣವನ್ನು ಹಲಗೆಗೆ ತಾಗಿಸಿ, ಮತ್ತೆ ತೆಗೆದು, ನನ್ನ ಕಡೆ ತಿರುಗಿದರು.

“ತಪ್ಪಾದ್ರೆ ಮಿಸ್ಸು?”

“ಅಳ್ಸಾಣ” ಎಂದೆ. “ನೀವ್ ಬರೀರಿ.”